ಎಪಿಫನಿ: ಚರ್ಚಿನಿಂದ ಮನೆಬಾಗಿಲಿಗೆ ನಡೆದುಬರುವ ಹಬ್ಬ

ಕ್ರಿಸ್‌ಮಸ್ ಕಳೆದು ಹನ್ನೆರಡು ದಿನಕ್ಕೆ ಬರುವ ಎಪಿಫನಿ ಏನು ಹಬ್ಬ ಎಂದು ಕೇಳಿದರೆ ಒಂದೊಂದು ಸಭೆಯವರು ಒಂದೊಂದು ಉತ್ತರ ಕೊಡುತ್ತಾರೆ. ಕ್ಯಾಥೊಲಿಕರಲ್ಲಿ ಬಹುಪಾಲು ಜನರಿಗೆ ಅದು ಮೂರು ರಾಯರ ಹಬ್ಬ, ಅಂದರೆ ನಕ್ಷತ್ರದ ಬೆನ್ನು ಹತ್ತಿ ಬಂದ ಜೋಯಿಸರು ಕೂಸಿಗೆ ಅಡ್ಡಬಿದ್ದ ದಿನ. ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಸಭೆಗಳಲ್ಲಿ ಜೋಯಿಸರ ಪ್ರಸಂಗ ಕ್ರಿಸ್‌ಮಸ್ ದಿನವೇ ಮುಗಿದಿರುತ್ತದೆ. ಈ ಹಬ್ಬ ಯೇಸು ಜೋರ್ಡನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದದ್ದಕ್ಕೆ ಮೀಸಲು. ಆರ್ಮೇನಿಯದ ಅಪೊಸ್ತಲಿಕ ಸಭೆಯಲ್ಲಿ ಯೇಸುವಿನ ಹುಟ್ಟು, ದೀಕ್ಷಾಸ್ನಾನ ಎರಡನ್ನೂ ಜನವರಿ 6ರಂದೇ ಆಚರಿಸುತ್ತಾರೆ. ತಾರೀಖಿನಲ್ಲೂ ಇದೇ ಗೊಂದಲ. ಕೆಲವರಿಗೆ ಜನವರಿ 6, ಕೆಲವರಿಗೆ ಅದರ ಆಸುಪಾಸಿನ ಭಾನುವಾರ, ಇನ್ನು ಕೆಲವರಿಗೆ ಜನವರಿ 19.

ಇಷ್ಟೆಲ್ಲ ಬೇರೆಯಾದರೂ ಒಂದು ಗುಣ ಎಲ್ಲ ಕಡೆಯೂ ಸಮಾನ. ಈ ಹಬ್ಬದ ಪೂಜೆ ಮುಗಿದಾಗ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಉಳಿದರ್ಧ ಜನರ ಕೈಯಲ್ಲಿ ಮನೆಗೆ ಹೋಗಬೇಕು. ಬಾಟಲಿಯಲ್ಲಿ ತೀರ್ಥವಾಗಿ, ಜೇಬಿನಲ್ಲಿ ಸೀಮೆಸುಣ್ಣವಾಗಿ, ಮಕ್ಕಳು ಹಿಡಿದ ಕೋಲಿನ ತುದಿಯಲ್ಲಿ ನಕ್ಷತ್ರವಾಗಿ ಅದು ಬೀದಿಗಿಳಿಯುತ್ತದೆ. ಆ ಉಳಿದರ್ಧಕ್ಕೆ ಬೇಕಾದ ತಯಾರಿಯನ್ನು ಬಹಳ ಧರ್ಮಕೇಂದ್ರಗಳು, ಅಂದರೆ ಊರೂರಿನ ಚರ್ಚುಗಳು, ಕೊನೇ ಗಳಿಗೆಗೆ ಬಿಡುತ್ತವೆ. ಕ್ರಿಸ್‌ಮಸ್‌ಗೆ ಒಂದು ತಿಂಗಳ ಓಡಾಟ, ಎಪಿಫನಿಗೆ ಒಂದು ಸಂಜೆಯ ಓಡಾಟ ಎನ್ನುವಂತಾಗಿದೆ. ಹಬ್ಬದ ಸತ್ವವೆಲ್ಲ ಆ ಉಳಿದರ್ಧದಲ್ಲೇ ಇರುವುದರಿಂದ ಈ ಲೇಖನದ ಹೆಚ್ಚಿನ ಭಾಗವೂ ಅದರ ಬಗ್ಗೆಯೇ.

ಬೈಬಲಿನಲ್ಲಿ ಇರುವುದು, ಆಮೇಲೆ ಸೇರಿದ್ದು

ಜೋಯಿಸರ ಕಥೆ ಇರುವುದು ಮತ್ತಾಯನ ಶುಭಸಂದೇಶದ 2ನೇ ಅಧ್ಯಾಯದ ಮೊದಲ ಹನ್ನೆರಡು ವಚನಗಳಲ್ಲಿ ಮಾತ್ರ. ಅವರು ಎಷ್ಟು ಮಂದಿ ಎಂದು ಮತ್ತಾಯ ಹೇಳುವುದಿಲ್ಲ, ಹೆಸರು ಕೊಡುವುದಿಲ್ಲ, ರಾಜರು ಎನ್ನುವುದಿಲ್ಲ, ಒಂಟೆಯ ಮಾತೂ ಅಲ್ಲಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಮೂರು ಕಾಣಿಕೆ ಇರುವುದರಿಂದ ತಂದವರೂ ಮೂವರು ಎಂಬ ಲೆಕ್ಕ ಪಶ್ಚಿಮದ ಸಭೆಯಲ್ಲಿ ಗಟ್ಟಿಯಾಯಿತು. ಸಿರಿಯಾಕ್ ಪರಂಪರೆಯಲ್ಲಿ ಹನ್ನೆರಡು ಮಂದಿ ಎಂಬ ಎಣಿಕೆಯೂ ಇದೆ. ಅವರನ್ನು ರಾಜರನ್ನಾಗಿ ಮಾಡಿದ್ದು 72ನೇ ಕೀರ್ತನೆ. ಅಲ್ಲಿ ದೂರದೇಶದ ಅರಸರು ಕಪ್ಪಕಾಣಿಕೆ ತರುತ್ತಾರೆ. ಒಂಟೆಗಳು ಬಂದದ್ದು ಯೆಶಾಯನ 60ನೇ ಅಧ್ಯಾಯದಿಂದ. ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್ ಎಂಬ ಹೆಸರುಗಳು ಪಶ್ಚಿಮದಲ್ಲಿ ಕಾಣಿಸುವುದು ಸುಮಾರು 6ನೇ ಶತಮಾನದ ಹೊತ್ತಿಗೆ. 1164ರಲ್ಲಿ ಅವರದ್ದೆಂದು ನಂಬಲಾದ ಅಸ್ಥಿಗಳನ್ನು ಮಿಲಾನ್‌ನಿಂದ ಜರ್ಮನಿಯ ಕಲೋನ್‌ಗೆ ಒಯ್ದರು. ಅಲ್ಲಿನ ಪ್ರಧಾನಾಲಯದಲ್ಲಿ ಚಿನ್ನದ ದೊಡ್ಡ ಪೆಟ್ಟಿಗೆಯೊಳಗೆ ಅವು ಇಂದಿಗೂ ಇವೆ.

ಇನ್ನೊಂದು ಸಂಗತಿ ಗೋದಲಿ ಕಟ್ಟುವವರು ಸಾಮಾನ್ಯವಾಗಿ ಗಮನಿಸದೆ ಬಿಡುವಂಥದ್ದು. ಕುರುಬರು ಬಂದದ್ದು ಲೂಕನ ಕಥೆಯಲ್ಲಿ, ಗೋದಲಿಗೆ. ಜೋಯಿಸರು ಬಂದದ್ದು ಮತ್ತಾಯನ ಕಥೆಯಲ್ಲಿ, ಮನೆಗೆ. "ಮನೆಯೊಳಗೆ ಹೋಗಿ" ಕೂಸನ್ನೂ ತಾಯಿಯನ್ನೂ ಕಂಡರು ಎಂದೇ 11ನೇ ವಚನ ಹೇಳುತ್ತದೆ. ಹೆರೋದನು ಎರಡು ವರ್ಷದ ಒಳಗಿನ ಮಕ್ಕಳನ್ನು ಕೊಲ್ಲಿಸಿದ ಎಂಬುದನ್ನು ನೋಡಿದರೆ, ಅವರು ಹುಟ್ಟಿದ ರಾತ್ರಿಯೇ ಬಂದವರಲ್ಲ ಎಂದೂ ತೋರುತ್ತದೆ. ಈ ಹಬ್ಬದಲ್ಲಿ ಮನೆ ಹರಸುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರ ಬೇಕಿಲ್ಲ. ಅವತ್ತು ದೇವರನ್ನು ಕಂಡದ್ದು ಒಂದು ಮನೆಯ ಒಳಗೆ.

ಹಾಗಾದರೆ ದೀಕ್ಷಾಸ್ನಾನ ಎಲ್ಲಿಂದ ಬಂತು? ಈ ಹಬ್ಬ ಮೊದಲಿನಿಂದಲೂ ಯೇಸು ಯಾರೆಂದು ಲೋಕಕ್ಕೆ ಗೊತ್ತಾದ ಪ್ರಸಂಗಗಳ ಹಬ್ಬ. ಜೋಯಿಸರ ಮೂಲಕ ಅನ್ಯಜನಾಂಗಗಳಿಗೆ ಗೊತ್ತಾಯಿತು. ಜೋರ್ಡನ್ನಿನಲ್ಲಿ ಆಕಾಶವಾಣಿಯ ಮೂಲಕ ಗೊತ್ತಾಯಿತು. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದಾಗ ಶಿಷ್ಯರಿಗೆ ಗೊತ್ತಾಯಿತು. ಲ್ಯಾಟಿನ್ ಸಂಪ್ರದಾಯದ ಸಂಜೆಯ ಪ್ರಾರ್ಥನೆಯಲ್ಲಿ ಈ ಹಬ್ಬದಂದು ಮೂರನ್ನೂ ಒಟ್ಟಿಗೇ ಹಾಡುತ್ತಾರೆ. ಪೂರ್ವದ ಸಭೆಗಳು ಎರಡನೆಯದಕ್ಕೆ ಒತ್ತು ಕೊಟ್ಟವು, ಪಶ್ಚಿಮದವು ಮೊದಲನೆಯದಕ್ಕೆ. ಇಥಿಯೋಪಿಯದಲ್ಲಿ ದೀಕ್ಷಾಸ್ನಾನದ ಹಬ್ಬದ ಮಾರನೇ ದಿನ ಕಾನಾ ಮದುವೆಯ ಹಬ್ಬ ಮಾಡುತ್ತಾರೆ.

ತಾರೀಖಿನ ಸಿಕ್ಕು ಬಿಡಿಸಿದರೆ

ಜನವರಿ 6 ಹಳೆಯ ತಾರೀಖು. ಸುಮಾರು 200ರ ಹೊತ್ತಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಕ್ರೈಸ್ತ ಲೇಖಕ, ಈಜಿಪ್ಟಿನಲ್ಲಿ ಬಸಿಲಿಡಿಸ್ ಎಂಬವನ ಅನುಯಾಯಿಗಳು ಯೇಸುವಿನ ದೀಕ್ಷಾಸ್ನಾನವನ್ನು ಈ ದಿನಗಳಲ್ಲಿ ಆಚರಿಸುತ್ತಾರೆಂದು ಬರೆದ. ಡಿಸೆಂಬರ್ 25 ರೋಮಿನ ತಾರೀಖು. ಅದರ ಹಳೆಯ ದಾಖಲೆ 354ರ ಪಂಚಾಂಗವೊಂದರಲ್ಲಿದೆ. ನಾಲ್ಕನೇ ಶತಮಾನದ ಕೊನೆಗೆ ಪೂರ್ವದವರು ರೋಮಿನಿಂದ ಡಿಸೆಂಬರ್ 25ನ್ನು ತೆಗೆದುಕೊಂಡರು, ಪಶ್ಚಿಮದವರು ಪೂರ್ವದಿಂದ ಜನವರಿ 6ನ್ನು ತೆಗೆದುಕೊಂಡರು. ಅಂತಿಯೋಕ್ಯದಲ್ಲಿ ಯೊವಾನ್ನ ಕ್ರಿಸೊಸ್ತೊಮ್ ಎಂಬ ಗುರು 386ರಲ್ಲಿ ಮಾಡಿದ ಪ್ರಸಂಗದಲ್ಲಿ, ಡಿಸೆಂಬರ್ 25 ಅಲ್ಲಿನವರಿಗೆ ಇನ್ನೂ ಹೊಸ ಹಬ್ಬ ಎಂಬುದು ಸ್ಪಷ್ಟ. ಆರ್ಮೇನಿಯದವರು ಮಾತ್ರ ಈ ಕೊಡುಕೊಳ್ಳುವಿಕೆಗೆ ಸೇರಲಿಲ್ಲ. ಎರಡು ಹಬ್ಬಗಳ ನಡುವಿನ ಹನ್ನೆರಡು ದಿನ ಹೀಗೆ ಹುಟ್ಟಿತು.

ಜನವರಿ 19 ಬರುವುದು ಬೇರೆ ಕಾರಣಕ್ಕೆ. ರಷ್ಯಾ, ಸರ್ಬಿಯಾ, ಜಾರ್ಜಿಯಾ, ಜೆರುಸಲೇಮಿನ ಆರ್ಥೊಡಾಕ್ಸ್ ಸಭೆಗಳು ಹಬ್ಬಗಳಿಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಬಳಸುತ್ತವೆ. ಅದು ನಾವು ಬಳಸುವ ಪಂಚಾಂಗಕ್ಕಿಂತ 13 ದಿನ ಹಿಂದಿದೆ. ಹಾಗಾಗಿ ಅವರ ಜನವರಿ 6 ನಮ್ಮ 19. ಅವರೂ ಆಚರಿಸುವುದು ಜನವರಿ 6ನ್ನೇ. 2100ರಲ್ಲಿ ಜೂಲಿಯನ್ ಲೆಕ್ಕಕ್ಕೆ ಅಧಿಕ ದಿನ ಬರುತ್ತದೆ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಅಂತರ 14 ದಿನವಾಗಿ, 2101ರಿಂದ ಅವರ ಹಬ್ಬ ಜನವರಿ 20ಕ್ಕೆ ಬೀಳುತ್ತದೆ. ಗ್ರೀಸ್, ರೊಮೇನಿಯಾ, ಬಲ್ಗೇರಿಯಾಗಳ ಆರ್ಥೊಡಾಕ್ಸ್ ಸಭೆಗಳು ನಮ್ಮೊಂದಿಗೇ ಜನವರಿ 6ರಂದು ಆಚರಿಸುತ್ತವೆ. ಆರ್ಥೊಡಾಕ್ಸ್ ಚರ್ಚ್ ಆಫ್ ಉಕ್ರೇನ್ ಕೂಡ 2023ರಲ್ಲಿ ಇತ್ತ ಬಂತು.

ಕ್ಯಾಥೊಲಿಕ್ ಸಭೆಯ ಲ್ಯಾಟಿನ್ ವಿಧಿಯಲ್ಲಿ ನಿಯಮ ಹೀಗಿದೆ: ಜನವರಿ 6 ಕಡ್ಡಾಯ ಹಬ್ಬವಲ್ಲದ ಕಡೆ, ಜನವರಿ 2ರಿಂದ 8ರ ನಡುವೆ ಬರುವ ಭಾನುವಾರ ಎಪಿಫನಿ. 2027ರಲ್ಲಿ ಅದು ಜನವರಿ 3. ಮುಂದಿನ ಭಾನುವಾರ ಯೇಸುವಿನ ದೀಕ್ಷಾಸ್ನಾನದ ಹಬ್ಬ. ಅಲ್ಲಿಗೆ ಕ್ರಿಸ್‌ಮಸ್ ಕಾಲ ಮುಗಿಯುತ್ತದೆ. ಇಲ್ಲೊಂದು ಎಡವಟ್ಟಿನ ಜಾಗವಿದೆ. ಭಾನುವಾರ ಜನವರಿ 7 ಅಥವಾ 8ಕ್ಕೆ ಬಿದ್ದ ವರ್ಷ ದೀಕ್ಷಾಸ್ನಾನದ ಹಬ್ಬ ಮರುದಿನ ಸೋಮವಾರಕ್ಕೆ ಹೋಗುತ್ತದೆ. 2029ರಲ್ಲಿ ಎಪಿಫನಿ ಜನವರಿ 7, ದೀಕ್ಷಾಸ್ನಾನ ಸೋಮವಾರ ಜನವರಿ 8. ಅಭ್ಯಾಸಬಲದಿಂದ ಗಾಯನ ವೃಂದ 14ನೇ ತಾರೀಖಿಗೆ ದೀಕ್ಷಾಸ್ನಾನದ ಹಾಡುಗಳನ್ನು ಕಲಿತಿಟ್ಟರೆ, ಅವತ್ತು ಗುರುಗಳು ಸಾಧಾರಣ ಕಾಲದ ಹಸಿರು ವಸ್ತ್ರ ತೊಟ್ಟು ಪೀಠಕ್ಕೆ ಬಂದಾಗಲೇ ತಪ್ಪು ಗೊತ್ತಾಗುವುದು. ಡಿಸೆಂಬರಿನಲ್ಲೇ ಧರ್ಮಪ್ರಾಂತ್ಯದ ಪೂಜಾಪಂಚಾಂಗ ತೆರೆದು ನೋಡಿದರೆ ಸಾಕು.

ಆಂಗ್ಲಿಕನ್, ಲೂಥರನ್ ಸಭೆಗಳಲ್ಲಿ ಎಪಿಫನಿ ಒಂದು ದಿನದ ಹಬ್ಬವಾಗಿ ನಿಲ್ಲದೆ ಒಂದು ಕಾಲವಾಗಿ ಮುಂದುವರಿಯುತ್ತದೆ. ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಅದು ಫೆಬ್ರವರಿ 2ರವರೆಗೆ ಇರುತ್ತದೆ.

ನೀರು

387ರ ಪ್ರಸಂಗವೊಂದರಲ್ಲಿ ಕ್ರಿಸೊಸ್ತೊಮ್ ಹೇಳುತ್ತಾನೆ: ಈ ಹಬ್ಬದ ಮಧ್ಯರಾತ್ರಿ ಜನ ನೀರು ತುಂಬಿಕೊಂಡು ಮನೆಗೊಯ್ದು ವರ್ಷವಿಡೀ ಇಡುತ್ತಾರೆ. ಅಂದರೆ ತೀರ್ಥ ಮನೆಗೆ ತರುವ ಪದ್ಧತಿಗೆ ಹದಿನಾರು ಶತಮಾನ ದಾಟಿದೆ. ಇಂದು ಇದರ ಪೂರ್ಣರೂಪ ಕಾಣುವುದು ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಮುಂತಾದ ಬಿಜಾಂಟಿನ್ ವಿಧಿಯ ಸಭೆಗಳಲ್ಲಿ. ಅಲ್ಲಿ ನೀರನ್ನು ಎರಡು ಸಲ ಹರಸುತ್ತಾರೆ, ಹಿಂದಿನ ದಿನ ದೇವಾಲಯದ ಒಳಗೆ, ಹಬ್ಬದ ದಿನ ಹೊಳೆ, ಕೆರೆ ಅಥವಾ ಕಡಲ ದಂಡೆಯಲ್ಲಿ.

ಕ್ರಮ ಹೀಗೆ. ದೇವಾಲಯದ ನಡುವೆ ಮೇಜಿನ ಮೇಲೆ ನೀರಿನ ಪಾತ್ರೆ, ಅದರ ಅಂಚಿಗೆ ಮೂರು ಮೇಣದ ಬತ್ತಿ. ಯೆಶಾಯನ ಗ್ರಂಥದಿಂದ ಮೂರು ವಾಚನ (35, 55, 12ನೇ ಅಧ್ಯಾಯಗಳು), ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಿಂದ ಒಂದು, ಮಾರ್ಕನ ಮೊದಲ ಅಧ್ಯಾಯದ ದೀಕ್ಷಾಸ್ನಾನದ ಪ್ರಸಂಗ. ಆಮೇಲೆ ದೀರ್ಘ ಪ್ರಾರ್ಥನೆ. ಕೊನೆಗೆ ಗುರುಗಳು ಶಿಲುಬೆಯನ್ನು ಮೂರು ಸಲ ನೀರಿನಲ್ಲಿ ಅದ್ದಿ ಎತ್ತುತ್ತಾರೆ; ಪ್ರತಿ ಸಲವೂ "ಪ್ರಭುವೇ, ನೀನು ಜೋರ್ಡನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ" ಎಂದು ಶುರುವಾಗುವ ಹಬ್ಬದ ಹಾಡು. ಗ್ರೀಕರಲ್ಲಿ ಕಾಮಕಸ್ತೂರಿ ಜಾತಿಯ ಸೊಪ್ಪಿನ ಕಟ್ಟಿನಿಂದ ಜನರ ಮೇಲೆ ಪ್ರೋಕ್ಷಣೆ. ನಂತರ ಎಲ್ಲರೂ ಕುಡಿದು, ಮನೆಗೂ ತುಂಬಿಕೊಳ್ಳುತ್ತಾರೆ. ಲ್ಯಾಟಿನ್ ವಿಧಿಯಲ್ಲೂ ಜನವರಿ 5ರ ಸಂಜೆ ಉಪ್ಪು ಬೆರೆಸಿ ನೀರು ಹರಸುವ ಹಳೆಯ ವಿಧಿಯೊಂದಿದೆ. ಈಗ ಅದನ್ನು ಮಾಡುವ ಧರ್ಮಕೇಂದ್ರಗಳು ಕಡಿಮೆ.

ಪ್ರಾರ್ಥನೆಯ ಭಾಗ ಎಲ್ಲೂ ಕೆಡುವುದಿಲ್ಲ. ಕೆಡುವುದು ಹಂಚುವ ಹೊತ್ತಿನಲ್ಲಿ. ಒಂದು ಕುಟುಂಬಕ್ಕೆ ಒಂದು ಲೀಟರ್ ಎಂದಿಟ್ಟುಕೊಂಡರೆ 150 ಕುಟುಂಬಕ್ಕೆ 150 ಲೀಟರ್, ಚೆಲ್ಲುವುದಕ್ಕೂ ಹೊರಗಿನಿಂದ ಬಂದವರಿಗೂ ಇನ್ನೊಂದು 30 ಸೇರಿಸಿ. ಅಷ್ಟು ನೀರನ್ನು ಒಂದೇ ಪಾತ್ರೆಯಲ್ಲಿಟ್ಟು ಸೌಟಿನಿಂದ ಹಾಕಲು ಹೋದರೆ ಸಾಲು ಕರಗುವುದೇ ಇಲ್ಲ. ನಲ್ಲಿ ಇರುವ ಸ್ಟೀಲ್ ಡ್ರಮ್ಮುಗಳು ಎರಡೋ ಮೂರೋ ಇರಲಿ, ಅವುಗಳ ನಡುವೆ ಎರಡು ಮಾರು ಅಂತರ ಇರಲಿ. ಬಾಯಿ ಚಿಕ್ಕದಾದ ಬಾಟಲಿ ತರುವವರಿಗಾಗಿ ಪ್ರತಿ ಡ್ರಮ್ಮಿನ ಬಳಿ ಆಲಿಕೆ ಇಡಿ. ನೆಲ ಒದ್ದೆಯಾಗಿ ವಯಸ್ಸಾದವರು ಜಾರುವುದು ಅತಿ ಸಾಮಾನ್ಯ ಅವಘಡ. ಡ್ರಮ್ಮಿನ ಕೆಳಗೆ ಗೋಣಿತಾಟು ಹಾಸಿ, ಒರೆಸುವ ಕೆಲಸಕ್ಕೆ ಒಬ್ಬರನ್ನು ನಿಲ್ಲಿಸಿ. ನೀರು ಕುಡಿಯುವ ಗುಣಮಟ್ಟದ್ದೇ ಆಗಿರಬೇಕು, ಅವತ್ತು ಬೆಳಗ್ಗೆಯೇ ತುಂಬಿದ್ದಾಗಿರಬೇಕು. ಡ್ರಮ್ಮನ್ನು ಹಿಂದಿನ ದಿನ ತೊಳೆದು ಕವುಚಿ ಒಣಗಿಸಿರಬೇಕು. ಕಿಲುಬು ಹಿಡಿದ ತಾಮ್ರ, ಹಿತ್ತಾಳೆಯ ಪಾತ್ರೆ ನೋಡಲು ಚೆಂದ ಎಂದು ಬಳಸಬೇಡಿ.

ಮನೆಯಲ್ಲಿ ತೀರ್ಥವನ್ನು ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ತಾರೀಖು ಬರೆದು, ಬಿಸಿಲು ಬೀಳದ ಜಾಗದಲ್ಲಿಡಿ. ಹಳೆಯ ಜ್ಯೂಸ್ ಬಾಟಲಿಯ ತಳದಲ್ಲಿ ಉಳಿದ ಸಕ್ಕರೆಯ ಪಸೆಯೇ ನೀರು ಲೋಳೆಗಟ್ಟಲು ಸಾಕು. ವಾಸನೆ ಬಂದರೆ, ಬಣ್ಣ ತಿರುಗಿದರೆ ಕುಡಿಯಬೇಡಿ. ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಸುರಿಯಿರಿ. ಅದು ನಂಬಿಕೆಯ ಕೊರತೆಯಲ್ಲ, ಪವಿತ್ರ ವಸ್ತುವನ್ನು ಗೌರವದಿಂದ ಮಣ್ಣಿಗೆ ಹಿಂದಿರುಗಿಸುವ ಕ್ರಮ. ಹೊಳೆಯ ದಂಡೆಯಲ್ಲಿ ಹರಸಿದ ನೀರನ್ನು ಕುಡಿಯಲು ತುಂಬಿಕೊಳ್ಳಬೇಡಿ, ಪ್ರೋಕ್ಷಣೆಗೆ ಮಾತ್ರ ಇಡಿ.

ಹೊರಗೆ ನೀರಿಗಿಳಿಯುವ ಆಚರಣೆಗಳು ಹೆಚ್ಚು ಪ್ರಸಿದ್ಧ, ಅಪಾಯವೂ ಅಲ್ಲೇ ಹೆಚ್ಚು. ಗ್ರೀಕ್ ಊರುಗಳಲ್ಲಿ ಗುರುಗಳು ಶಿಲುಬೆಯನ್ನು ಕಡಲಿಗೆ ಎಸೆಯುತ್ತಾರೆ, ಯುವಕರು ಧುಮುಕಿ ತರುತ್ತಾರೆ. ಅಮೆರಿಕದ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ ಗ್ರೀಕ್ ಸಮುದಾಯ ಇದನ್ನು 16ರಿಂದ 18 ವರ್ಷದ ಹುಡುಗರಿಗೆ ಮಾತ್ರ ಬಿಡುತ್ತದೆ. ಶಿಲುಬೆ ಮರದ್ದಾದರೆ ತೇಲುತ್ತದೆ. ಲೋಹದ್ದಾದರೆ ಉದ್ದನೆಯ ರಿಬ್ಬನ್ ಕಟ್ಟಿ ತುದಿಯನ್ನು ಗುರುಗಳ ಕೈಯಲ್ಲೇ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಕೆಸರಿನ ಪಾಲು. ರಷ್ಯಾದಲ್ಲಿ ಮಂಜುಗಡ್ಡೆಯನ್ನು ಶಿಲುಬೆಯಾಕಾರದಲ್ಲಿ ಕೊರೆದು ಜನ ಮೂರು ಮುಳುಗು ಹಾಕುತ್ತಾರೆ. ಕೊರೆಯುವ ಚಳಿನೀರಿಗಿಳಿದ ಮೊದಲ ನಿಮಿಷದಲ್ಲಿ ಉಸಿರು ತಾನಾಗಿ ಎಳೆಯತೊಡಗುತ್ತದೆ, ಎದೆಬಡಿತ ಏರುತ್ತದೆ. ಆ ಹೊತ್ತಿನಲ್ಲಿ ತಲೆ ನೀರೊಳಗಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಹೃದಯದ ತೊಂದರೆ ಇರುವವರು, ಮದ್ಯ ಕುಡಿದವರು ಇಳಿಯಲೇಬಾರದು. ಏಣಿ, ಹಗ್ಗ, ಒಣ ಬಟ್ಟೆ ಕೈಗೆಟುಕುವಂತಿರಬೇಕು. ಒಂದು ಮಾತು ಸ್ಪಷ್ಟವಾಗಿರಲಿ: ಹಬ್ಬದ ವಿಧಿ ನೀರು ಹರಸುವುದು. ಹಿಮದ ನೀರಿನಲ್ಲಿ ಮುಳುಗುವುದನ್ನು ಸಭೆ ಯಾರಿಗೂ ಕಡ್ಡಾಯ ಮಾಡಿಲ್ಲ, ಮುಳುಗದವರ ಹಬ್ಬಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಇಥಿಯೋಪಿಯದ ತಿಮ್ಕತ್ ಇವೆಲ್ಲಕ್ಕಿಂತ ದೊಡ್ಡದು. ಪ್ರತಿ ಚರ್ಚಿನ ಗರ್ಭಗೃಹದಲ್ಲಿರುವ ತಾಬೋತ್ ಎಂಬ ಪವಿತ್ರ ಹಲಗೆ, ಅಂದರೆ ದೇವರ ಆಜ್ಞೆಗಳ ಶಿಲಾಫಲಕದ ಪ್ರತೀಕ, ಬಟ್ಟೆಯಲ್ಲಿ ಸುತ್ತಿ ಗುರುಗಳ ತಲೆಯ ಮೇಲೆ ಮೆರವಣಿಗೆಯಲ್ಲಿ ನೀರಿನ ಬಳಿಗೆ ಹೋಗುತ್ತದೆ. ರಾತ್ರಿಯಿಡೀ ಅಲ್ಲೇ ಡೇರೆಯಲ್ಲಿ ಜಾಗರಣೆ, ನಸುಕಿನಲ್ಲಿ ನೀರಿನ ಆಶೀರ್ವಾದ, ಬಳಿಕ ಮರಳಿ ಮೆರವಣಿಗೆ. ಗೊಂಡರ್ ನಗರದಲ್ಲಿ ಫಾಸಿಲಿದಸ್ ದೊರೆಯ ಕೊಳದಲ್ಲಿ ನಡೆಯುವ ಆಚರಣೆ ಹೆಸರುವಾಸಿ. 2019ರಲ್ಲಿ ಯುನೆಸ್ಕೊ ಈ ಹಬ್ಬವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇದೇ ಹಬ್ಬ ದನಹಾ. ರಾತ್ರಿ ಸ್ನಾನದ ನೆನಪಿಗೆ ರಾಕ್ಕುಳಿ ಎಂದೂ, ಬಾಳೆದಿಂಡು ನೆಟ್ಟು ಅದಕ್ಕೆ ದೀಪ ಸಿಕ್ಕಿಸುವುದರಿಂದ ಪಿಂಡಿಕುತ್ತಿ ಎಂದೂ ಅದನ್ನು ಕರೆಯುತ್ತಾರೆ.

ಬಾಗಿಲ ಮೇಲಿನ ಬರಹ

ಮಧ್ಯ ಯುರೋಪಿನಲ್ಲಿ ಬೆಳೆದು ಈಗ ಎಲ್ಲ ಕಡೆ ಹಬ್ಬಿದ ಪದ್ಧತಿ ಇದು. ಪೂಜೆಯಲ್ಲಿ ಹರಸಿದ ಸೀಮೆಸುಣ್ಣದಿಂದ ಬಾಗಿಲ ಮೇಲುಪಟ್ಟಿಯ ಮೇಲೆ ರೋಮನ್ ಲಿಪಿಯಲ್ಲಿ 20 + ಸಿ + ಎಂ + ಬಿ + 27 ಎಂದು ಬರೆಯುತ್ತಾರೆ. ಎರಡು ತುದಿಯಲ್ಲಿ ವರ್ಷ ಒಡೆದು ನಿಂತಿದೆ. ನಡುವಿನ ಅಕ್ಷರಗಳು ಮೂವರು ರಾಯರ ಹೆಸರಿನ ಮೊದಲಕ್ಷರಗಳು. "ಕ್ರಿಸ್ತನು ಈ ಮನೆಯನ್ನು ಹರಸಲಿ" ಎಂಬ ಲ್ಯಾಟಿನ್ ಪ್ರಾರ್ಥನೆಯ ಮೊದಲಕ್ಷರಗಳೂ ಅವೇ. ನಡುನಡುವಿನ ಗುರುತುಗಳನ್ನು ಕೂಡುವ ಚಿಹ್ನೆ ಎಂದು ಓದಬಾರದು, ಅವು ಶಿಲುಬೆಗಳು. ಜರ್ಮನಿಯಲ್ಲಿ ಮೊದಲ ಗುರುತಿನ ಜಾಗಕ್ಕೆ ನಕ್ಷತ್ರ ಹಾಕುವುದುಂಟು. ಪೋಲೆಂಡಿನಲ್ಲಿ ಸಿ ಬದಲು ಕೆ ಬರೆಯುತ್ತಾರೆ.

ಧರ್ಮಕೇಂದ್ರದ ತಯಾರಿ ಸಣ್ಣದು. ನೂರು ಸೀಮೆಸುಣ್ಣದ ಡಬ್ಬಿಯನ್ನು ಅರ್ಧರ್ಧ ಮುರಿದರೆ 200 ಕುಟುಂಬಕ್ಕೆ ಆಗುತ್ತದೆ. ಪ್ರತಿ ತುಂಡನ್ನೂ ಪ್ರಾರ್ಥನೆಯ ಚೀಟಿಯಲ್ಲಿ ಸುತ್ತಿಡಿ. ಬರಿಯ ತುಂಡು ಕೊಟ್ಟರೆ ಅದು ಮನೆ ಸೇರುವ ಹೊತ್ತಿಗೆ ಮಕ್ಕಳ ಆಟಕ್ಕೆ ಹೋಗಿರುತ್ತದೆ. ಧೂಳಿಲ್ಲದ ಸೀಮೆಸುಣ್ಣ ಗಟ್ಟಿಯಾಗಿದ್ದು ನುಣುಪು ಬಣ್ಣದ ಮೇಲೆ ಕೂರುವುದಿಲ್ಲ, ಸಾದಾ ಸೀಮೆಸುಣ್ಣವೇ ಒಳ್ಳೆಯದು. ಎನಾಮಲ್ ಬಳಿದ ಬಾಗಿಲು, ಲೋಹದ ಚೌಕಟ್ಟು ಇರುವ ಮನೆಗಳಲ್ಲಿ ಅದೂ ಹಿಡಿಯದು. ಅಂಥವರಿಗೆ ಗಟ್ಟಿ ಕಪ್ಪು ಕಾಗದದ ಪಟ್ಟಿಯ ಮೇಲೆ ಬರೆದು ಅಂಟಿಸಲು ಹೇಳಿ. ಬಾಡಿಗೆ ಮನೆಯವರು ಬಾಗಿಲ ಒಳಮೈಗೆ ಬರೆದರೂ ಸರಿ.

ಮನೆಯಲ್ಲಿ ಹೀಗೆ ಮಾಡಬಹುದು. ಎಲ್ಲರೂ ಬಾಗಿಲ ಹೊರಗೆ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳಿ. ಹಿರಿಯರೊಬ್ಬರು "ಈ ಮನೆಗೂ ಇಲ್ಲಿ ಬಾಳುವ ಎಲ್ಲರಿಗೂ ಶಾಂತಿ" ಎನ್ನಲಿ. ಮತ್ತಾಯನ ಹನ್ನೆರಡು ವಚನಗಳನ್ನು ಓದುಬರುವ ಮಗುವಿನ ಕೈಯಲ್ಲಿ ಓದಿಸಿ. ಆಮೇಲೆ ಒಬ್ಬೊಬ್ಬರು ಒಂದೊಂದು ಅಕ್ಷರ ಬರೆಯಲಿ. ಎಟುಕದ ಮಕ್ಕಳನ್ನು ದೊಡ್ಡವರು ಎತ್ತಿಕೊಳ್ಳಲಿ, ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವುದು ಬೇಡ. ಪರಲೋಕ ಮಂತ್ರ ಹೇಳಿ, ತೀರ್ಥ ಚಿಮುಕಿಸುತ್ತ ಒಳಗೆ ಹೋಗಿ ಕೋಣೆ ಕೋಣೆಗೆ ನಡೆಯಿರಿ. ಅಡುಗೆಮನೆ, ಹಾಸಿಗೆ ಹಿಡಿದವರ ಕೋಣೆ ತಪ್ಪಿಸಬೇಡಿ. ಹದಿನೈದು ನಿಮಿಷದ ಕೆಲಸ. ಸೀಮೆಸುಣ್ಣವನ್ನು ಗುರುಗಳೋ ಉಪಗುರುಗಳೋ ಮೊದಲೇ ಹರಸಿರುವುದರಿಂದ ಈ ಪ್ರಾರ್ಥನೆಯನ್ನು ಮನೆಯವರೇ ನಡೆಸಬಹುದು, ಗುರುಗಳಿಗಾಗಿ ವಾರಗಟ್ಟಲೆ ಕಾಯಬೇಕಿಲ್ಲ.

ಆರ್ಥೊಡಾಕ್ಸ್ ಸಭೆಗಳಲ್ಲಿ ಗುರುಗಳೇ ಹಬ್ಬದ ನೀರು ಹಿಡಿದು ಮನೆಮನೆಗೆ ಬರುತ್ತಾರೆ. ಅಲ್ಲಿ ಮನೆಯವರ ಪಾಲಿನ ಕೆಲಸ ಇಷ್ಟು: ಪ್ರತಿಮಾಪಟಗಳ ಮುಂದೆ ಮೇಜು, ಅದರ ಮೇಲೆ ಬಟ್ಟಲು, ಹಚ್ಚಿದ ಮೇಣದ ಬತ್ತಿ, ಬದುಕಿರುವವರ ಮತ್ತು ತೀರಿಕೊಂಡವರ ಹೆಸರಿನ ಎರಡು ಪಟ್ಟಿ. ಟಿವಿ ಆರಿಸಿ, ನಾಯಿ ಕಟ್ಟಿ, ಎಲ್ಲ ಕೋಣೆಯ ಬಾಗಿಲು ತೆರೆದಿಡಬೇಕು. ಊರು ದೊಡ್ಡದಾದರೆ ಭೇಟಿಗಳು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಹೊಸ್ತಿಲವರೆಗೂ ಮುಂದುವರಿಯುತ್ತವೆ. ಬೀದಿವಾರು ದಿನ ನಿಗದಿ ಮಾಡಿ ಚರ್ಚಿನ ಫಲಕಕ್ಕೆ ಹಚ್ಚದಿದ್ದರೆ ಗುರುಗಳು ಬೀಗ ಹಾಕಿದ ಮನೆಗಳಿಗೆ ಅಲೆಯಬೇಕಾಗುತ್ತದೆ.

ಬಾಗಿಲ ಬರಹ ತಾನಾಗಿ ಮಾಸುವವರೆಗೆ ಇರಲಿ. ಮಳೆಗೆ ಅಳಿಸಿತು, ಸುಣ್ಣ ಬಳಿಯುವಾಗ ಹೋಯಿತು ಎಂದು ಹೆದರುವವರಿದ್ದಾರೆ. ಆ ಭಯವನ್ನು ಗುರುಗಳು ಪ್ರಸಂಗದಲ್ಲೇ ನಿವಾರಿಸಬೇಕು. ಅದು ದೃಷ್ಟಿ ತಗುಲದಂತೆ ಬರೆದ ಯಂತ್ರವಲ್ಲ. ಬಾಗಿಲು ದಾಟುವಾಗಲೆಲ್ಲ ಕಣ್ಣಿಗೆ ಬೀಳಲೆಂದು ಬರೆದ ಪ್ರಾರ್ಥನೆ.

ನಕ್ಷತ್ರ ಹೊತ್ತ ಮಕ್ಕಳು

ಜರ್ಮನಿ, ಆಸ್ಟ್ರಿಯಾಗಳಲ್ಲಿ ಬಾಗಿಲ ಬರಹವನ್ನು ಮಕ್ಕಳೇ ಬರೆಯುತ್ತಾರೆ. ರಾಯರ ವೇಷ ತೊಟ್ಟು, ಕೋಲಿನ ಮೇಲೆ ನಕ್ಷತ್ರ ಹಿಡಿದು ಮನೆಮನೆಗೆ ಹೋಗಿ ಹಾಡುತ್ತಾರೆ, ಹರಸುತ್ತಾರೆ, ಬೇರೆ ದೇಶಗಳ ಬಡ ಮಕ್ಕಳಿಗಾಗಿ ಹಣ ಕೂಡಿಸುತ್ತಾರೆ. ಹಳೆಯ ಪದ್ಧತಿಯಾದ ಇದು ಜರ್ಮನಿಯಲ್ಲಿ ದೇಶವ್ಯಾಪಿ ಸಂಘಟನೆಯಾಗಿ ನಡೆಯುತ್ತಿರುವುದು 1959ರಿಂದ. ಗೋವಾದಲ್ಲಿ ಇದರ ರೂಪ ಬೇರೆ. ಕಾನ್ಸಾವಲಿಮ್, ಕುಯೆಲಿಮ್, ಅರೋಸಿಮ್ ಊರುಗಳಿಂದ ರಾಜವೇಷದ ಒಬ್ಬೊಬ್ಬ ಹುಡುಗ ಜನವರಿ 6ರಂದು ಕುದುರೆಯೇರಿ ಬೇರೆ ಬೇರೆ ದಾರಿಯಲ್ಲಿ ಗುಡ್ಡದ ಮೇಲಿನ ರೆಮೆದಿಯುಸ್ ಮಾತೆಯ ದೇಗುಲ ಸೇರುತ್ತಾರೆ. ಮಾಂಡೋವಿ ದಂಡೆಯ ರೈಸ್ ಮಾಗೊಸ್ ಊರಿಗೆ ಹೆಸರು ಬಂದದ್ದೇ 16ನೇ ಶತಮಾನದ ಮೂರು ರಾಯರ ದೇವಾಲಯದಿಂದ.

ನಕ್ಷತ್ರದ ತಂಡ ಕಟ್ಟಲು ಹೊರಟವರಿಗೆ ಕೆಲವು ಮಾತು. ತಂಡಕ್ಕೆ ನಾಲ್ಕು ಮಕ್ಕಳು ಸಾಕು, ಮೂವರು ರಾಯರು, ಒಬ್ಬ ನಕ್ಷತ್ರಧಾರಿ. ಜೊತೆಗೊಬ್ಬ ದೊಡ್ಡವರು ಕಡ್ಡಾಯ. ಎರಡೂವರೆ ಗಂಟೆ ಮೀರಿದರೆ ಮಕ್ಕಳ ದನಿ, ತಾಳ್ಮೆ ಎರಡೂ ಹೋಗುತ್ತವೆ. ಮನೆಯೊಂದಕ್ಕೆ ಐದಾರು ನಿಮಿಷ, ನಡಿಗೆಗೆ ಅಷ್ಟೇ ಎಂದು ಲೆಕ್ಕ ಹಾಕಿದರೆ ಒಂದು ತಂಡ ಹನ್ನೆರಡು ಹದಿನೈದು ಮನೆ ಮುಗಿಸಬಹುದು. ಬರುವ ದಿನವನ್ನು ಮನೆಗಳಿಗೆ ಮೊದಲೇ ತಿಳಿಸಿ. ನಕ್ಷತ್ರ ರಟ್ಟಿನದಿರಲಿ, ಕೋಲು ಮಗುವಿನ ಎತ್ತರ ಮೀರದಿರಲಿ, ಮೇಣದ ಬತ್ತಿ ಬೇಡವೇ ಬೇಡ. ಕಾಗದದ ಕಿರೀಟ, ಉದ್ದನೆಯ ನಿಲುವಂಗಿಗೆ ಕಿಡಿ ತಾಗಲು ಕ್ಷಣ ಸಾಕು. ನಿಲುವಂಗಿಯ ಅಂಚು ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿರಬೇಕು, ಇಲ್ಲದಿದ್ದರೆ ಮೆಟ್ಟಿಲಲ್ಲಿ ಎಡವುತ್ತಾರೆ. ಒಬ್ಬ ರಾಯನ ಮುಖಕ್ಕೆ ಮಸಿ ಬಳಿಯುವ ಹಳೆಯ ವಾಡಿಕೆಯನ್ನು ಕೈಬಿಡಿ. ದೂರದೇಶದವರನ್ನು ಗೌರವಿಸುವ ಹಬ್ಬದಲ್ಲಿ ಅವರ ಮೈಬಣ್ಣವನ್ನು ವೇಷವಾಗಿಸುವುದು ತಪ್ಪು.

ಕಾಣಿಕೆ ಡಬ್ಬಿಗೆ ಮೊಹರು ಹಾಕಿ, ಸಂಖ್ಯೆ ಬರೆದು, ಯಾವ ಡಬ್ಬಿ ಯಾವ ತಂಡಕ್ಕೆ ಎಂದು ದಾಖಲಿಸಿ. ಮರಳಿದ ಮೇಲೆ ಸಂಬಂಧಿಕರಲ್ಲದ ಇಬ್ಬರು ಕೂತು ತೆರೆದು ಎಣಿಸಿ ಸಹಿ ಹಾಕಲಿ. ಮುಂದಿನ ಭಾನುವಾರ ಮೊತ್ತವನ್ನೂ ಅದು ಹೋದ ಕಡೆಯನ್ನೂ ಓದಿ ಹೇಳಿ. ದಾನದ ಲೆಕ್ಕ ಹೇಳದ ಧರ್ಮಕೇಂದ್ರದಲ್ಲಿ ಮರುವರ್ಷ ಬಾಗಿಲುಗಳು ತೆರೆಯುವುದು ಕಡಿಮೆಯಾಗುತ್ತದೆ.

ಪೂಜೆಯೊಳಗಿನ ಸಿದ್ಧತೆಯಲ್ಲಿ ಧೂಪದ ಬಗ್ಗೆ ಒಂದು ಮಾತು, ಯಾಕೆಂದರೆ ಅವತ್ತು ಎಲ್ಲರೂ ಅದನ್ನು ಎದುರುನೋಡುತ್ತಾರೆ. ಇದ್ದಿಲನ್ನು ಹತ್ತು ನಿಮಿಷ ಮೊದಲೇ ಹಚ್ಚಿ, ಮೇಲೆ ಬೂದಿಯ ಪೊರೆ ಬಂದ ಮೇಲೆ ಧೂಪಾರತಿಗೆ ಹಾಕಿ. ಕಪ್ಪಾಗಿರುವಾಗಲೇ ಧೂಪ ಹಾಕಿದರೆ ಇದ್ದಿಲಿನ ಘಾಟು ಹೊಡೆದು ಮುಂದಿನ ಸಾಲಿನವರೆಲ್ಲ ಕೆಮ್ಮುತ್ತಾರೆ. ಸಣ್ಣ ಚಮಚದಷ್ಟು ಹರಳು ಒಮ್ಮೆಗೆ ಸಾಕು. ಪುಡಿ ಧೂಪ ಸುಗಂಧ ಬಿಡುವ ಮೊದಲೇ ಸುಟ್ಟುಹೋಗುತ್ತದೆ. ಗೋದಲಿಯಲ್ಲಿ ರಾಯರ ಬೊಂಬೆಗಳನ್ನು ಕ್ರಿಸ್‌ಮಸ್ ರಾತ್ರಿಯೇ ಕೂಸಿನ ಮುಂದೆ ನಿಲ್ಲಿಸದೆ, ದೂರದ ಕಿಟಕಿಯ ಬಳಿ ಇಟ್ಟು ದಿನಕ್ಕಿಷ್ಟು ಮುಂದಕ್ಕೆ ಸರಿಸಿ ಹಬ್ಬದ ದಿನ ತಲುಪಿಸುವ ಪದ್ಧತಿ ಬಹಳ ಕಡೆ ಇದೆ. ಮಕ್ಕಳಿಗೆ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ತಿನಿಸಿನ ವಿಷಯ ಚಿಕ್ಕದಾಗಿ ಹೇಳುವುದಾದರೆ, ಫ್ರಾನ್ಸಿನ ರಾಯರ ಕೇಕಿನಲ್ಲಿ ಒಂದು ಪುಟ್ಟ ಬೊಂಬೆ ಅಡಗಿರುತ್ತದೆ. ಮನೆಯ ಅತಿ ಚಿಕ್ಕ ಮಗು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆಂದು ಹೇಳುತ್ತದೆ, ಬೊಂಬೆ ಸಿಕ್ಕವರಿಗೆ ಕಿರೀಟ. ಮೆಕ್ಸಿಕೊದಲ್ಲಿ ಸಿಕ್ಕವರು ಫೆಬ್ರವರಿ 2ರಂದು ಎಲ್ಲರಿಗೂ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ತಿನ್ನಿಸಬೇಕು. ಚಿಕ್ಕ ಮಕ್ಕಳ ತುಂಡನ್ನು ಕೊಡುವ ಮೊದಲು ಬಿಡಿಸಿ ನೋಡಿ, ಗಂಟಲಲ್ಲಿ ಸಿಕ್ಕಿಕೊಂಡರೆ ಕಷ್ಟ.

ವರ್ಷದ ತಾರೀಖು ಸಾರುವುದು

ಕ್ಯಾಥೊಲಿಕ್ ಪೂಜೆಯಲ್ಲಿ ಈ ದಿನ ಇನ್ನೊಂದು ವಿಧಿಗೆ ಅವಕಾಶವಿದೆ, ಅದನ್ನು ಬಳಸದೆ ಬಿಡುವ ಕಡೆಗಳೇ ಹೆಚ್ಚು. ಶುಭಸಂದೇಶ ಓದಿದ ಮೇಲೆ ಅಥವಾ ಪರಮಪ್ರಸಾದದ ನಂತರದ ಪ್ರಾರ್ಥನೆಯ ಬಳಿಕ, ಆ ವರ್ಷದ ಈಸ್ಟರ್ ಮತ್ತು ಅದಕ್ಕೆ ಜೋತುಬಿದ್ದ ಹಬ್ಬಗಳ ತಾರೀಖನ್ನು ವಾಚನಪೀಠದಿಂದ ಹಾಡಿ ಸಾರುತ್ತಾರೆ. ಮುದ್ರಿತ ಪಂಚಾಂಗವಿಲ್ಲದ ಕಾಲದಲ್ಲಿ ಇದು ತೀರಾ ಅಗತ್ಯವಾಗಿತ್ತು. 325ರ ನಿಕೇಯ ಮಹಾಸಭೆಯ ನಂತರದ ಕಾಲದಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರು ಪ್ರತಿವರ್ಷ ಈಸ್ಟರ್ ಲೆಕ್ಕ ಹಾಕಿ ಪತ್ರ ಕಳುಹಿಸುತ್ತಿದ್ದರು. ಎಪಿಫನಿ ಮುಗಿಯುತ್ತಲೇ ಈಜಿಪ್ಟಿನ ಎಲ್ಲ ಸಭೆ, ಮಠಗಳಿಗೆ ಆ ಪತ್ರ ಹೋಗುತ್ತಿತ್ತೆಂದು ಯೊವಾನ್ನ ಕಾಸಿಯಾನ್ ಎಂಬ ಸನ್ಯಾಸಿ ಬರೆದಿದ್ದಾನೆ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇಂದಿನ ರೂಪದಲ್ಲಿ ಮೊದಲು ಸಿಗುವುದೂ ಅಲ್ಲಿನ ಧರ್ಮಾಧ್ಯಕ್ಷ ಅಥನಾಸಿಯಸ್ 367ರಲ್ಲಿ ಬರೆದ ಅಂಥದೇ ಹಬ್ಬದ ಪತ್ರದಲ್ಲಿ.

ನಕ್ಷತ್ರದ ಹಬ್ಬದಂದು ಪುನರುತ್ಥಾನದ ತಾರೀಖು ಕೇಳಿಸುವುದರಿಂದ ಸಭೆಗೆ ಇಡೀ ವರ್ಷದ ದಾರಿ ಕಾಣುತ್ತದೆ. ಇದನ್ನು ಬಿಡಬಾರದೆಂಬುದು ನಮ್ಮ ಗಟ್ಟಿ ಅಭಿಪ್ರಾಯ. 2027ಕ್ಕೆ ಸಾರಬೇಕಾದದ್ದು: ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಫೆಬ್ರವರಿ 10, ಈಸ್ಟರ್ ಮಾರ್ಚ್ 28, ಸ್ವರ್ಗಾರೋಹಣ ಮೇ 6, ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ಹಬ್ಬ ಮೇ 16, ಕ್ರಿಸ್ತನ ಶರೀರ ರಕ್ತದ ಹಬ್ಬ ಮೇ 27, ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 28. ಸ್ವರ್ಗಾರೋಹಣವನ್ನು ಭಾನುವಾರಕ್ಕೆ ಸರಿಸಿದ ಕಡೆ ಅದು ಮೇ 9, ಕ್ರಿಸ್ತನ ಶರೀರ ರಕ್ತದ ಹಬ್ಬವನ್ನು ಸರಿಸಿದ ಕಡೆ ಮೇ 30. ಆರ್ಥೊಡಾಕ್ಸ್ ಈಸ್ಟರ್ ಆ ವರ್ಷ ಐದು ವಾರ ತಡವಾಗಿ ಮೇ 2ಕ್ಕೆ ಬರುತ್ತದೆ. ಎರಡೂ ಸಭೆಯವರಿರುವ ಕುಟುಂಬಗಳಿಗೆ ಅದನ್ನೂ ಸೂಚನಾಫಲಕದಲ್ಲಿ ಬರೆದಿಟ್ಟರೆ ಉಪಕಾರ.

ಇಲ್ಲಿ ಆಗುವ ತಪ್ಪು ಒಂದೇ, ಕಡತದಿಂದ ಹೋದ ವರ್ಷದ ಹಾಳೆ ತೆಗೆದು ಓದುವುದು. ಹಾಡುವವರ ಕೈಗೆ ಹಾಳೆ ಕೊಡುವ ಮೊದಲು ಬೆರಳೆಣಿಕೆಯಲ್ಲಿ ಎರಡು ಲೆಕ್ಕ ನೋಡಿ. ವಿಭೂತಿ ಬುಧವಾರದಿಂದ ಈಸ್ಟರ್‌ಗೆ 46 ದಿನ, ಈಸ್ಟರಿನಿಂದ ಪಂಚಾಶತ್ತಮಕ್ಕೆ 49 ದಿನ ಬರಬೇಕು. ಬಾರದಿದ್ದರೆ ಹಾಳೆ ತಪ್ಪಿದೆ. ಎರಡೂ ಸರಿಬಂದರೂ ಮೇಲೆ ಬರೆದ ವರ್ಷವನ್ನೊಮ್ಮೆ ಓದಿ, ಆಮೇಲೆ ಕೊಡಿ.